ಸೀಡರ್ ಮರದ ಎರಡು ಗಾಯ

ಎಲ್ಡನ್ ಪಿಂಕಮ್ ಕೂತದ್ದನ್ನು ನೋಡಿದವರು ಹಾರ್ಲೋ ಫೋರ್ಕ್ಸ್ ಊರಿನಲ್ಲಿ ಕಡಿಮೆ. ಊಟಕ್ಕೆ ಕೂತರೂ ಒಂದು ತೊಡೆ ಕುರ್ಚಿಯ ಮೇಲೆ, ಇನ್ನೊಂದು ಬಾಗಿಲ ಕಡೆಗೆ. ಚರ್ಚಿನಲ್ಲಿ ಹಿಂದಿನ ಗೋಡೆಗೆ ಒರಗಿ ನಿಲ್ಲುತ್ತಿದ್ದ. ಪ್ರಾರ್ಥನೆ ಉದ್ದವಾಯಿತೆಂದರೆ ಹೊರಗೆ ಹೋಗಿ ಜನರ ಟ್ರಕ್ಕುಗಳ ಟೈರಿಗೆ ಒಂದೊಂದು ಒದೆ ಕೊಟ್ಟು ಗಾಳಿ ನೋಡಿ ಬರುತ್ತಿದ್ದ. ಅವನ ಮದುವೆಯ ಫೋಟೋದಲ್ಲಿ ಹೆಂಡತಿ ವೀಡಾಳ ಮುಖ ಸ್ಪಷ್ಟವಾಗಿದೆ, ಇವನದು ಮಸುಕು. ಫೋಟೋದವನು ಮೂರು ಎಣಿಸುವಷ್ಟು ಹೊತ್ತೂ ಈ ಮನುಷ್ಯ ನೆಟ್ಟಗೆ ನಿಲ್ಲಲಿಲ್ಲವಂತೆ.

"ಇವನ ಕುಂಡಿಗೂ ಕುರ್ಚಿಗೂ ಹುಟ್ಟಿದಾಗಿಂದ ಜಗಳ," ಎಂದು ವೀಡಾ ಕಂಡಕಂಡವರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು.

ಅಂಥವನಿಗೆ ಹೇಳಿ ಮಾಡಿಸಿದ ಕೆಲಸ ಸಿಕ್ಕಿತ್ತು. ಮೂವತ್ತೈದು ವರ್ಷ ಅವನು ಕಾಡಿನ ಗಡಿಗೆರೆ ನಡೆದ. ನಮ್ಮ ಮೇಯ್ನ್ ರಾಜ್ಯದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಕಾಡೇ. ನಾವು ಮ್ಯಾಸಚೂಸೆಟ್ಸ್ ರಾಜ್ಯದ ಬಾಲವಾಗಿದ್ದ ಕಾಲದಿಂದಲೂ, ಆಮೇಲೆ ಜಗಳ ಮಾಡದೆ ಬೇರೆಯಾದ ಮೇಲೂ, ದೊಡ್ಡವರು ಮೇಜಿನ ಮೇಲೆ ಕಾಗದ ಹಾಸಿಕೊಂಡು ಆರು ಮೈಲಿಗೊಂದರಂತೆ ಚೌಕ ಎಳೆದರು. ಒಂದೊಂದು ಚೌಕದಲ್ಲಿ ಒಂದೊಂದು ಊರು ಎದ್ದೇಳುತ್ತದೆ ಎಂಬುದು ಅವರ ಲೆಕ್ಕ. ದಕ್ಷಿಣದ ಕಡಲಂಚಿನಲ್ಲಿ ಊರುಗಳು ಎದ್ದವು, ಸರಿ. ಉತ್ತರಕ್ಕೆ ಬರುವ ಹೊತ್ತಿಗೆ ಜನರೇ ಮುಗಿದುಹೋದರು. ಹೆಸರಿಡಲು ಯಾರೂ ಬಾರದೆ ಆ ಚೌಕಗಳಿಗೆಲ್ಲ ಇವತ್ತಿಗೂ ಬರೀ ನಂಬರು. ಹಾರ್ಲೋ ಫೋರ್ಕ್ಸಿನ ಕೊನೆಯ ಮನೆ ದಾಟಿದರೆ ಎಂಟನೇ ಸಾಲಿನ ಐದನೇ ಚೌಕ, ಅದರಾಚೆ ಆರನೆಯದು, ಹೀಗೇ ಕೆನಡಾದವರೆಗೆ. ಅಲ್ಲಿರುವುದು ಮೂಸ್ ಜಿಂಕೆ, ಕರಡಿ, ಕಾಗದದ ಕಂಪನಿಯ ಸ್ಪ್ರೂಸ್ ಮರ, ಮತ್ತು ಮೇ ತಿಂಗಳಿನಲ್ಲಿ ಕಿವಿಯೊಳಗೆ ನುಗ್ಗುವ ಕರಿನೊಣ.

ಮೇಜಿನ ಮೇಲೆ ಗೆರೆ ಎಳೆದವರ ಪ್ಯಾಂಟು ಒದ್ದೆಯಾಗಲಿಲ್ಲ. ಅದನ್ನು ನೆಲದ ಮೇಲೆ ತಂದವರು ಬೇರೆ. ಜೌಗಿನಲ್ಲಿ ಸೊಂಟದವರೆಗೆ ಇಳಿದು, ದಿಕ್ಸೂಚಿ ಹಿಡಿದು, ಮರಮರಕ್ಕೂ ಕೊಡಲಿಯಿಂದ ತೊಗಟೆ ಕೆತ್ತಿ ಗುರುತು ಮಾಡಿ, ಮೂಲೆ ಬಂದಲ್ಲಿ ಒಂದು ಮರವನ್ನು ಸಾಕ್ಷಿಯೆಂದು ಆರಿಸಿ ಅದರ ಬುಡಕ್ಕೆ ಕಲ್ಲು ಒಟ್ಟಿ ಹೋದರು. ಆದರೆ ಮರ ಸುಮ್ಮನಿರುವುದಿಲ್ಲ, ಗಾಯವನ್ನು ವರ್ಷವರ್ಷವೂ ಮುಚ್ಚಿಕೊಳ್ಳುತ್ತ ಬರುತ್ತದೆ. ಆದ್ದರಿಂದ ಹತ್ತು ವರ್ಷಕ್ಕೊಮ್ಮೆ ಯಾರಾದರೂ ಗೆರೆಯುದ್ದಕ್ಕೂ ನಡೆದು, ಹಳೆಯ ಗುರುತು ಹುಡುಕಿ, ಮತ್ತೆ ಕೆತ್ತಿ ಕೆಂಪು ಬಣ್ಣ ಬಳಿಯಬೇಕು. ಆ ಯಾರಾದರೂ ಎನ್ನುವವನೇ ನಮ್ಮ ಎಲ್ಡನ್. ಅವನು ಬಣ್ಣ ಬಳಿದ ಮೇಲೆ ದೇವರೂ ತಕರಾರು ತೆಗೆಯುವುದಿಲ್ಲ ಎಂದು ನಮ್ಮ ಕಡೆ ಮಾತಿತ್ತು.

ಅವನು ನಿವೃತ್ತನಾಗಿ ಎರಡು ವರ್ಷವಾಗಿತ್ತು, ಅರವತ್ತೈದು ತುಂಬಿತ್ತು. ೧೯೯೪ರ ನವೆಂಬರಿನ ಒಂದು ಬೆಳಿಗ್ಗೆ ಕಾಫಿ ಅಂಗಡಿಯಲ್ಲಿ ಹಳೆಯ ಗೆಳೆಯ ಒನೆಸಿಮ್ ಪೆಲ್ಕಿ ಎದುರಿಗೆ ಕೂತು ಮೊಟ್ಟೆಯ ಮೇಲೆ ಮೆಣಸಿನಪುಡಿ ಉದುರಿಸುತ್ತ ಹೇಳಿದ.

"ಗೆರೆ ಮೇಷ್ಟ್ರೇ, ಮಂಗಳವಾರ ಸರ್ವೆಯವಳು ಬರ್ತಾಳಂತಲ್ಲ. ಆಕಾಶದಿಂದ ಅಳೆಯೋ ಯಂತ್ರ ಇದೆಯಂತೆ. ನಿನ್ನನ್ನೇ ದಾರಿ ತೋರ್ಸೋಕೆ ಕರೆದಿದಾರಂತೆ?"

"ಹೂಂ," ಎಂದ ಎಲ್ಡನ್. ನಿಂತೇ ಕಾಫಿ ಕುಡಿಯುತ್ತಿದ್ದ.

"ಕಂಪನಿಯಿಂದ ಐದನೇ ಚೌಕ ಕೊಂಡವರು ಯಾರೋ ದೂರದವರು. ಅವರಿಗೆ ಸ್ಪ್ರೂಸ್ ಬೇಡವಂತೆ, ಮೇಪಲ್ ಬೇಕಂತೆ, ನೆಲಹಾಸಿಗೆ. ನೆಲ ಹೆಪ್ಪುಗಟ್ಟಿದ ತಕ್ಷಣ ನಮ್ಮ ಜಮೀನಿನ ಹಿಂದಿನ ಆ ದಿಣ್ಣೆ ಬೋಳು ಮಾಡ್ತಾರೆ. ನಾನೂ ಬರ್ತೀನಿ ಕಣೋ ಮಂಗಳವಾರ. ಗಡಿ ಹಂಚಿಕೊಂಡವನಲ್ವಾ, ಜೊತೆಗೆ ನಡೆಯೋ ಹಕ್ಕಿದೆ. ನಮ್ಮಪ್ಪ ಸಿಹಿನೀರಿಗೆ ಕೊರೆದ ತೂತಿನ ಗುರುತುಗಳು ಆ ಮರಗಳಲ್ಲಿ ಇನ್ನೂ ಇದಾವೆ. ಒಂದ್ಸಲ ನೋಡ್ಕೊಂಡು ಬರ್ತೀನಿ."

"ನಿನ್ನ ಮೊಣಕಾಲು?"

"ಮೊಣಕಾಲು ಮನೇಲಿ ಬಿಟ್ಟು ಬರ್ತೀನಿ," ಎಂದು ಪೆಲ್ಕಿ ನಕ್ಕ.

ಎಲ್ಡನ್ ಕಾಫಿಯನ್ನು ಅರ್ಧಕ್ಕೇ ಇಟ್ಟು ಹೊರಗೆ ಬಂದ. ಟ್ರಕ್ಕು ಹತ್ತಲಿಲ್ಲ. ನದಿಯ ಸೇತುವೆಯವರೆಗೆ ನಡೆದ, ತಿರುಗಿ ಬಂದ, ಮತ್ತೆ ಸೇತುವೆಗೆ ಹೋದ. ಹಿಂದೆ ಈ ನದಿಯಲ್ಲಿ ವಸಂತಕ್ಕೆ ದಿಮ್ಮಿಗಳು ದಡದಿಂದ ದಡಕ್ಕೆ ತುಂಬಿ ಇಳಿಯುತ್ತಿದ್ದವು. ಎಪ್ಪತ್ತರ ದಶಕದಲ್ಲಿ ಅದನ್ನು ನಿಲ್ಲಿಸಿದ ಮೇಲೆ ನೀರು ಬರಿದಾಗಿ ಹರಿಯುತ್ತದೆ, ನೋಡಲು ಏನೂ ಇಲ್ಲ. ಆದರೂ ಅವನು ನಾಲ್ಕು ಸಲ ಹೋಗಿ ನೋಡಿ ಬಂದ.

ವಿಷಯ ಇಷ್ಟು. ಆ ಗೆರೆ ತಪ್ಪು. ಅದು ಎಲ್ಡನ್‌ಗೆ ಗೊತ್ತು, ಇನ್ನೊಬ್ಬ ನರಪಿಳ್ಳೆಗೆ ಗೊತ್ತಿಲ್ಲ.

ಪೆಲ್ಕಿಯ ಅಜ್ಜ ಕ್ವಿಬೆಕ್ಕಿನಿಂದ ನಡೆದು ಬಂದ ಪೆಲೆಟಿಯೆ. ಮರದ ಮಿಲ್ಲಿನ ಗುಮಾಸ್ತ ಬಾಯಿಗೆ ಬಂದಂತೆ ಪೆಲ್ಕಿ ಎಂದು ಬರೆದುಕೊಂಡದ್ದೇ ಮನೆತನದ ಹೆಸರಾಯಿತು. ಅಜ್ಜ ಕೊಂಡ ಜಮೀನು ಐದನೇ ಚೌಕದ ಅಂಚಿಗೆ ತಾಗಿಕೊಂಡಿದೆ. ಅದರ ಹಿಂದಿನ ದಿಣ್ಣೆಯ ಮೇಲೆ ಮುನ್ನೂರು ಮೇಪಲ್ ಮರ. ಮಾರ್ಚಿನಲ್ಲಿ ಹಿಮ ಕರಗಲು ಶುರುವಾದರೆ ಪೆಲ್ಕಿಗಳು ಮರಕ್ಕೆ ತೂತು ಕೊರೆದು ಬಕೆಟ್ ಕಟ್ಟಿ, ಸಿಹಿನೀರು ಇಳಿಸಿ, ಚಪ್ಪಟೆ ಕೊಪ್ಪರಿಗೆಯಲ್ಲಿ ಹಗಲಿಡೀ ಕುದಿಸಿ ಪಾಕ ಮಾಡುತ್ತಿದ್ದರು. ರಸ್ತೆಯ ಪ್ರತಿ ಮನೆಗೂ ಒಂದೊಂದು ಡಬ್ಬ ಹೋಗುತ್ತಿತ್ತು.

೧೯೬೧ರ ಅಕ್ಟೋಬರಿನಲ್ಲಿ ಗೆರೆ ಹೊಸದಾಗಿ ಹಿಡಿಯಲು ಕಂಪನಿ ಎಲ್ಡನ್‌ನನ್ನು ಕಳಿಸಿತು. ಹಳೆಯ ಗುರುತುಗಳೆಲ್ಲ ಬಿರುಗಾಳಿಗೆ ಉರುಳಿದ್ದವು. ೧೮೩೩ರ ಸರ್ವೆ ಪುಸ್ತಕದಲ್ಲಿ ಬರೆದದ್ದು ಇಷ್ಟೇ: ಮೂಲೆಗೆ ಸೀಡರ್ ಮರ, ಹಳ್ಳದ ಮೇಲ್ಗಡೆ. ಎಲ್ಡನ್ ಹಳ್ಳದ ಪಕ್ಕ ಒಂದು ಮುದಿ ಸೀಡರ್ ಕಂಡ. ಎದೆಮಟ್ಟದಲ್ಲಿ ಹಳೆಯ ಗಾಯ, ಅಂಚು ಉಬ್ಬಿ ಮುಚ್ಚಿಕೊಂಡಿದೆ. ಕಲ್ಲುಗಳನ್ನು ಹಳ್ಳ ಕೊಚ್ಚಿಕೊಂಡು ಹೋಗಿರಬೇಕು, ಮರ ಇದೇ ಇರಬೇಕು ಎಂದುಕೊಂಡ. ಇರಬೇಕು ಎನ್ನುವುದು ಅವನ ಕಸುಬಿನಲ್ಲಿ ಸಲ್ಲದ ಮಾತು. ಗಾಯವನ್ನು ಅಡ್ಡ ಕೊಯ್ದು, ಅದರ ಮೇಲೆ ಮರ ಹೊದಿಸಿದ ಪದರಗಳನ್ನು ಎಣಿಸಬೇಕು. ವರ್ಷಕ್ಕೊಂದು ಪದರ. ನೂರಿಪ್ಪತ್ತೆಂಟು ಬಂದರೆ ಅದು ಸರ್ವೆಯವರ ಕೊಡಲಿ, ಬಾರದಿದ್ದರೆ ಅಲ್ಲ. ಸೀಡರಿನ ಪದರಗಳೋ ಕೂದಲೆಳೆಯಷ್ಟು ತೆಳು. ಒದ್ದೆ ನೆಲದಲ್ಲಿ ಕೂತು, ಭೂತಕನ್ನಡಿ ಹಿಡಿದು, ಗುಂಡುಸೂಜಿಯಿಂದ ಒಂದೊಂದನ್ನೇ ದಾಟಿಸಬೇಕು. ಅರ್ಧ ಗಂಟೆಯಾದರೂ ಬೇಕು.

ಎಲ್ಡನ್‌ಗೆ ಅರ್ಧ ಗಂಟೆ ಕೂರಲು ಆಗಲಿಲ್ಲ. ಹಿಮ ಬೀಳುತ್ತಿತ್ತು, ಕಾಲು ತುರಿಸುತ್ತಿತ್ತು, ಮುಂದಿನ ಗೆರೆ ಕರೆಯುತ್ತಿತ್ತು. ಬಣ್ಣ ಬಳಿದು ಹೊರಟೇಬಿಟ್ಟ. ಆ ಗಾಯ ಕೊಡಲಿಯದಲ್ಲ, ಯಾವುದೋ ಕರಡಿ ಬೆನ್ನು ತಿಕ್ಕಿ ಹಲ್ಲಿನಿಂದ ತೊಗಟೆ ಕಿತ್ತದ್ದು.

ಗೆರೆ ನಾನೂರು ಅಡಿ ಈಚೆಗೆ ಬಂತು. ಮುನ್ನೂರು ಮೇಪಲ್ಲಿನಲ್ಲಿ ಇನ್ನೂರನಲವತ್ತು ಕಂಪನಿಯ ಪಾಲಾದವು. ಪೆಲ್ಕಿ ಬಂದು ಕೆಂಪು ಬಣ್ಣ ನೋಡಿಕೊಂಡು ಹೋದ. ವಕೀಲರ ಹತ್ತಿರ ಹೋಗು ಎಂದು ಯಾರೋ ಹೇಳಿದರೆ, "ಎಲ್ಡನ್ ಅಳೆದ ಮೇಲೆ ಮುಗೀತು," ಎಂದುಬಿಟ್ಟ. ಬಕೆಟ್‌ಗಳನ್ನು ಕೊಟ್ಟಿಗೆಯ ಅಟ್ಟಕ್ಕೆ ಹಾಕಿ ಕಾಗದದ ಮಿಲ್ಲಿಗೆ ಕೆಲಸಕ್ಕೆ ಸೇರಿದ. ಮೂವತ್ತು ವರ್ಷ ಆ ಗಂಧಕದ ನಾತದಲ್ಲಿ ಕಳೆದ.

ಹತ್ತು ವರ್ಷ ಕಳೆದು ಬಣ್ಣ ಬಳಿಯಲು ಹೋದಾಗ ಎಲ್ಡನ್ ಊಟದ ಡಬ್ಬ ಹಿಡಿದು ದಿಣ್ಣೆಯ ಮೇಲುಗಡೆ ಅಲೆದ. ಅಲ್ಲಿ ಇನ್ನೊಂದು ಸೀಡರ್, ಬುಡದಲ್ಲಿ ಪಾಚಿ ಹಿಡಿದ ಕಲ್ಲುಗುಪ್ಪೆ. ಆ ದಿನ ಮಾತ್ರ ಕೂತ. ಕೊಯ್ದು ಎಣಿಸಿದ. ನೂರಮೂವತ್ತೆಂಟು. ಮತ್ತೆ ಎಣಿಸಿದ. ನೂರಮೂವತ್ತೆಂಟೇ, ಸರಿಯಾಗಿ ೧೮೩೩.

ನಾಳೆ ಹೇಳುತ್ತೇನೆ ಎಂದುಕೊಂಡ. ನಿಜವಾಗಿಯೂ ಹಾಗೆಯೇ ಅಂದುಕೊಂಡಿದ್ದ. ಆ ವಾರವೇ ಕಂಪನಿ ಅವನನ್ನು ಗಡಿ ಕೆಲಸಕ್ಕೆಲ್ಲ ಮುಖ್ಯಸ್ಥನನ್ನಾಗಿ ಮಾಡಿತು; ಮುಂದಿನ ವಾರ ಹೇಳುತ್ತೇನೆ ಎಂದುಕೊಂಡ. ಮಾರನೇ ವಸಂತಕ್ಕೆ ಪೆಲ್ಕಿ, "ಇನ್ನೇನು ಮಾಡ್ಲಿ ಇಟ್ಕೊಂಡು," ಎಂದು ಅಜ್ಜನ ಕಾಲದ ಕೊಪ್ಪರಿಗೆಯನ್ನು ವರ್ಮಾಂಟಿನವನೊಬ್ಬನಿಗೆ ಮಾರಿದ. ಲಾರಿಗೆ ಏರಿಸಲು ಒಂದು ಕಡೆ ಪೆಲ್ಕಿ ಹಿಡಿದ, ಇನ್ನೊಂದು ಕಡೆ ಎಲ್ಡನ್ ಹಿಡಿದ. ಅದಾದ ಮೇಲೆ ಹೇಳುವ ಬಾಯಿ ಎಲ್ಲಿಂದ ಬರಬೇಕು? ಎಂಬತ್ತೊಂದರಲ್ಲೂ ತೊಂಬತ್ತೊಂದರಲ್ಲೂ ಅದೇ ಕರಡಿಯ ಗಾಯಕ್ಕೆ ತಾನೇ ಕೆಂಪು ಬಳಿದು ಬಂದ. ಕಂಪನಿಗೆ ಬೇಕಿದ್ದದ್ದು ಸ್ಪ್ರೂಸ್ ಆದ್ದರಿಂದ ಮೇಪಲ್‌ಗಳು ಹಾಗೇ ನಿಂತಿದ್ದವು. ನಿಂತಿವೆಯಲ್ಲ ಎಂಬುದೇ ಅವನಿಗಿದ್ದ ಒಂದು ಸಮಾಧಾನ.

ಈಗ ಅದೂ ಹೋಗುವುದರಲ್ಲಿತ್ತು. ಮಂಗಳವಾರ ಎರಡೂ ಕಡೆಯವರು ಒಪ್ಪಿ ಸಹಿ ಹಾಕಿದರೆ ಬಣ್ಣ ಇದ್ದಲ್ಲೇ ಕಾನೂನಿನ ಗೆರೆ, ಆಮೇಲೆ ಯಾರಪ್ಪ ಬಂದರೂ ಬದಲಾಗದು.

ಸೋಮವಾರವೆಲ್ಲ ಅವನು ಮನೆಯೊಳಗೆ ಹೊರಗೆ ಓಡಾಡಿದ. ಸೌದೆ ಒಟ್ಟಿದ್ದನ್ನು ಕೆಡವಿ ಮತ್ತೆ ಒಟ್ಟಿದ. ವೀಡಾ ಹುರುಳಿಕಾಯಿ ಬೀಜವನ್ನು ಮಡಕೆಯಲ್ಲಿ ನೆನೆಹಾಕುತ್ತ ನೋಡಿದಳು.

"ಏನಾಗಿದೆ ನಿಂಗೆ? ಬೆಳಿಗ್ಗೆಯಿಂದ ಆ ಬಾಗಿಲು ಮೂವತ್ತು ಸಲ ಬಡಿದೆ. ಕೀಲು ಕಿತ್ತು ಬರತ್ತೆ."

"ಏನಿಲ್ಲ."

"ಏನಿಲ್ಲದ್ದು ಇಪ್ಪತ್ತು ವರ್ಷದಿಂದ ನೋಡ್ತಿದೀನಿ. ಮೊದಲು ಎಲ್ಲಿಗೋ ಹೋಗೋಕೆ ನಡೀತಿದ್ದೆ. ಈಗ ಎಲ್ಲಿಂದಲೋ ತಪ್ಪಿಸ್ಕೊಂಡು ಓಡೋ ಹಾಗೆ ನಡೀತೀಯ. ಹೇಳೋದಿದ್ರೆ ಹೇಳಿಬಿಡು, ನಾನೇನು ನುಂಗ್ತೀನಾ?"

ಅವನು ಮತ್ತೆ ಸೌದೆಯ ಕಡೆ ಹೋದ. ಅಷ್ಟರಲ್ಲೇ ಸೌದೆ ಒಟ್ಟುತ್ತ ಒಂದು ಉಪಾಯ ಕಟ್ಟಿಕೊಂಡಿದ್ದ. ಊಟದ ಹೊತ್ತಿಗೆ ಅವರನ್ನು ದಿಣ್ಣೆಯ ಮೇಲೆ ಕರೆದೊಯ್ಯುವುದು. ಕಲ್ಲುಗುಪ್ಪೆಯನ್ನು ಆ ಸರ್ವೆಯ ಹುಡುಗಿಯೇ ಕಾಣುತ್ತಾಳೆ. ಅಯ್ಯೋ, ಇಷ್ಟು ವರ್ಷ ನನ್ನ ಕಣ್ಣಿಗೆ ಬೀಳಲೇ ಇಲ್ಲವಲ್ಲ ಎಂದು ತಾನೂ ಆಶ್ಚರ್ಯಪಡುವುದು. ಮರ ಉಳಿಯುತ್ತದೆ, ಮಾನ ಉಳಿಯುತ್ತದೆ, ಪೆಲ್ಕಿಯೂ ಉಳಿಯುತ್ತಾನೆ. ಒಂದೇ ಒಂದು ತೊಡಕಿತ್ತು. ಎಪ್ಪತ್ತೊಂದರಲ್ಲಿ ತಾನು ಕೊಯ್ದ ಕಚ್ಚು ಆ ಮರದಲ್ಲಿದೆ. ಕೊಡಲಿ ತನ್ನ ಕೈಯಲ್ಲಿದ್ದರೆ ಮೊದಲ ಏಟಿಗೇ ಅದನ್ನು ಹಾರಿಸಿಬಿಡಬಹುದು.

ಮಂಗಳವಾರ ಮೂವರೂ ಕಿತ್ತಳೆ ಬಣ್ಣದ ಜಾಕೀಟು ತೊಟ್ಟು ಕಾಡು ಹೊಕ್ಕರು. ಜಿಂಕೆ ಬೇಟೆಯ ದಿನಗಳು, ಅದಿಲ್ಲದೆ ಹೋದರೆ ಗುಂಡು ಬೀಳುತ್ತದೆ. ಸರ್ವೆಯ ಕೋರಿನ್ ಲಿಬ್ಬಿಗೆ ಮೂವತ್ತರ ಆಸುಪಾಸು. ಕಡಲತೀರದಲ್ಲಿ ಏಡಿ ಹಿಡಿಯುವವರ ಮನೆಯವಳು, ಚುರುಕು ಕಾಲು. ಎಲ್ಡನ್ ಎಷ್ಟು ಬೇಗ ನಡೆದನೆಂದರೆ ಅವಳೇ ಎರಡು ಸಲ ಕೂಗಬೇಕಾಯಿತು.

"ಪಿಂಕಮ್ ಅವರೇ, ಸ್ವಲ್ಪ ನಿಧಾನ! ಪೆಲ್ಕಿ ಅವರು ಹಿಂದೆ ಬಿದ್ರು."

"ಅವನಿಗೆ ಕೂಗಿ ಪ್ರಯೋಜನ ಇಲ್ಲ ಮಗಳೇ," ಎಂದು ಪೆಲ್ಕಿ ಏದುಸಿರು ಬಿಡುತ್ತ ಬಂದ. "ಹೆಣದ ಪೆಟ್ಟಿಗೆಯಲ್ಲಿ ಮಲಗಿಸಿದ್ರೂ ಎದ್ದು ಗುಂಡಿ ಅಳೀತಾನೆ."

ಕರಡಿಯ ಸೀಡರ್ ಬಂತು. ನಾಲ್ಕು ಪದರ ಕೆಂಪು ಬಣ್ಣ. ಕೋರಿನ್ ಯಂತ್ರ ನಿಲ್ಲಿಸಿ, ಆಕಾಶ ನೋಡಿ, ಚೀಟಿಯಲ್ಲಿ ಬರೆದುಕೊಂಡಳು.

"ಬಣ್ಣಕ್ಕೆ ಎರಡೂ ಕಡೆ ಒಪ್ಪಿಗೆ ಇದ್ರೆ ಇದನ್ನೇ ಮೂಲೆ ಅಂತ ಹಾಕ್ಕೊಳ್ಳಿ ಅಂತ ಆಫೀಸಲ್ಲಿ ಹೇಳಿದಾರೆ. ನಿಮಗೆ ಒಪ್ಪಿಗೆನಾ ಪೆಲ್ಕಿ ಅವರೇ?"

"ಅವನು ಬಳಿದಿದ್ದಾನಲ್ಲ. ಇನ್ನೇನು ಕೇಳ್ತೀಯ? ಕೊಡು, ಎಲ್ಲಿ ಸಹಿ?" ಪೆಲ್ಕಿ ಕೈಗವಸು ತೆಗೆದು ಪೆನ್ನಿಗೆ ಕೈ ಚಾಚಿದ.

"ತಡಿ," ಎಂದ ಎಲ್ಡನ್. "ಮೊದಲು ಊಟ ಮಾಡೋಣ. ಇಲ್ಲಿ ಒದ್ದೆ. ಮೇಲೆ ಒಣ ಜಾಗ ಇದೆ."

ಅವನು ಅಂದುಕೊಂಡ ಹಾಗೆಯೇ ಆಯಿತು. ಮೇಲೆ ಹೋಗಿ ಐದು ನಿಮಿಷವಾಗಿರಲಿಲ್ಲ, ಕೋರಿನ್ ಬೂಟಿನಿಂದ ಎಲೆ ಸರಿಸಿ, "ಅರೆ! ಈ ಕಲ್ಲು ತಾವಾಗೇ ಬಂದು ಕೂತಿದ್ದಲ್ಲ," ಎಂದಳು. ಮರದ ಸುತ್ತ ಬಂದು ತೊಗಟೆ ಸವರಿದಳು. "ಇಲ್ಲಿ ಗಾಯ ಇದೆ. ಹಳೇದು. ಪಿಂಕಮ್ ಅವರೇ, ಕೊಡಲಿಯಲ್ಲಿ ನಿಮ್ಮಷ್ಟು ಕೈ ನಂಗೆ ಕೂತಿಲ್ಲ. ನೀವೇ ಕೊಯ್ದು ಕೊಡ್ತೀರಾ?"

ಕೊಡಲಿ ಅವನ ಕೈಗೆ ಬಂತು. ಕೇಳದೆಯೇ ಬಂತು. ಉಬ್ಬಿದ ತೊಗಟೆಯಲ್ಲಿ ಹಳೆಯ ಗಾಯದ ಮೇಲುಭಾಗಕ್ಕೇ ತನ್ನ ಕಚ್ಚು ತುಟಿ ಮುಚ್ಚಿಕೊಂಡು ಕೂತಿತ್ತು. ಒಂದು ಏಟು. ಚಕ್ಕೆ ಹಾರಿ ಎಲೆಯೊಳಗೆ ಬೀಳುತ್ತದೆ, ಅಷ್ಟೇ.

ಹಿಂದೆ ದಿಮ್ಮಿಯ ಮೇಲೆ ಪೆಲ್ಕಿ ಬೇಯಿಸಿದ ಮೊಟ್ಟೆ ಸುಲಿಯುತ್ತಿದ್ದ. "ಲೋ, ಮೊದಲು ಇದನ್ನ ತಿನ್ನು. ಬೆಳಿಗ್ಗೆ ಏನೂ ತಿಂದಿಲ್ಲ ನೀನು, ನಂಗೊತ್ತು." ಎಂದು ಅರ್ಧ ಮೊಟ್ಟೆ ಮುರಿದು ಚಾಚಿದ.

ಎಲ್ಡನ್ ಅದನ್ನು ತೆಗೆದುಕೊಂಡು ಬಾಯಿಗೆ ಹಾಕಿಕೊಂಡ. ಆಮೇಲೆ ಕೊಡಲಿ ಎತ್ತಿ ಎರಡೂ ಗಾಯ ಒಟ್ಟಿಗೆ ಕಾಣುವ ಹಾಗೆ ಪಕ್ಕದಿಂದ, ನಿಧಾನವಾಗಿ, ಒಂದು ಚೂರೂ ಹಾಳಾಗದಂತೆ ಕೊಯ್ದ.

"ಕೆಳಗಿನದು ಎಣಿಸು," ಎಂದ. "ಆಮೇಲೆ ಮೇಲಿನದೂ ಎಣಿಸು."

ಕೋರಿನ್ ಮೊಣಕಾಲೂರಿ ಭೂತಕನ್ನಡಿ ಹಿಡಿದಳು. ಗುಂಡುಸೂಜಿ ಒಂದೊಂದೇ ಗೆರೆ ದಾಟಿತು. ಎಲ್ಡನ್ ಮಾತ್ರ ನಾಲ್ಕು ಹೆಜ್ಜೆ ಅತ್ತ, ನಾಲ್ಕು ಹೆಜ್ಜೆ ಇತ್ತ.

"ನೂರಅರವತ್ತೊಂದು," ಎಂದಳು ಕೊನೆಗೆ. ದನಿ ಏರಿತ್ತು. "ಸಾವಿರದೆಂಟುನೂರ ಮೂವತ್ತಮೂರು! ಪೆಲ್ಕಿ ಅವರೇ, ಮೂಲೆ ಇದು! ಆ ಮೇಪಲ್ಲೆಲ್ಲ ನಿಮ್ಮವು!" ಪೆಲ್ಕಿ ಮೇಪಲ್‌ಗಳ ಕಡೆ ತಿರುಗಿ ಕೂತ. ಅವಳು ಮತ್ತೆ ಬಗ್ಗಿದಳು. "ಮೇಲಿನದು ಸಣ್ಣದು... ಇಪ್ಪತ್ತು, ಇಪ್ಪತ್ತೊಂದು... ಇಪ್ಪತ್ತಮೂರು. ಅಂದ್ರೆ ಎಪ್ಪತ್ತೊಂದರಲ್ಲಿ ಯಾರೋ ಇದನ್ನ ಕೊಯ್ದು ಎಣಿಸಿ ಹೋಗಿದಾರೆ. ಗೊತ್ತಿದ್ದೂ..." ಎಂದವಳು ಎಲ್ಡನ್‌ನ ಮುಖ ನೋಡಿ ಮಾತು ನಿಲ್ಲಿಸಿದಳು.

"ನಾನೇ," ಎಂದ ಎಲ್ಡನ್. "ಮೊದಲು ತಪ್ಪು ಮಾಡಿದ್ದೂ ನಾನೇ, ಆಮೇಲೆ ಮುಚ್ಚಿಟ್ಟದ್ದೂ ನಾನೇ."

ಪೆಲ್ಕಿ ಮೊಟ್ಟೆಯ ಸಿಪ್ಪೆಯನ್ನು ಅಂಗೈಯಲ್ಲಿ ಒಟ್ಟುಮಾಡಿದ. ಏನೋ ಲೆಕ್ಕ ಹಾಕುತ್ತಿದ್ದವನಂತೆ ತುಟಿ ಅಲ್ಲಾಡುತ್ತಿತ್ತು.

"ಕೊಪ್ಪರಿಗೆ ಮಾರಿದ್ದು ಎಪ್ಪತ್ತೆರಡರಲ್ಲಿ," ಎಂದ.

"ಹೂಂ."

"ಒಂದು ಕಡೆ ನೀನು ಹಿಡಿದಿದ್ದೆ."

"ಹೂಂ."

"'ಜೋಪಾನ, ಬೆರಳು ಸಿಕ್ಕಿಹಾಕ್ಕೊಳ್ಳತ್ತೆ' ಅಂತ ಬೇರೆ ಹೇಳಿದ್ದೆ ನಂಗೆ."

ಎಲ್ಡನ್‌ಗೆ ಅದು ನೆನಪಿರಲಿಲ್ಲ. ಈಗ ನೆನಪಾಯಿತು. ಪೆಲ್ಕಿ ಎದ್ದು, ಮೊಣಕಾಲು ಹಿಡಿದುಕೊಂಡು, ಇಬ್ಬರನ್ನೂ ನೋಡದೆ ಮೇಪಲ್‌ಗಳ ನಡುವೆ ಇಳಿದು ಹೋದ. ಕಿತ್ತಳೆ ಜಾಕೀಟು ಬಹಳ ದೂರದವರೆಗೆ ಕಾಣುತ್ತಿತ್ತು. ಎಲ್ಡನ್ ಹಿಂದೆ ಹೋಗಲು ಒಂದು ಹೆಜ್ಜೆ ಇಟ್ಟ, ಮುಂದಿನದು ಬರಲಿಲ್ಲ.

ಸುದ್ದಿ ಊರು ತಲುಪಲು ಸಂಜೆಯೂ ಬೇಕಾಗಲಿಲ್ಲ. ಗೆರೆ ನಾನೂರು ಅಡಿ ಹಿಂದಕ್ಕೆ ಸರಿಯಿತು, ಗರಗಸದವರು ದಿಣ್ಣೆ ಬಿಟ್ಟು ಆಚೆಗೆ ಹೋದರು. ಪೆಲ್ಕಿ ಕಾಫಿ ಅಂಗಡಿಗೆ ಬರುವ ಹೊತ್ತು ಬದಲಿಸಿದ. ಎಲ್ಡನ್ ಆ ಚಳಿಗಾಲದಲ್ಲಿ ನಡೆದಷ್ಟು ಜೀವಮಾನದಲ್ಲಿ ನಡೆದಿರಲಿಲ್ಲ. ದಿನಕ್ಕೆರಡು ಸಲ ಪೆಲ್ಕಿಯ ಮನೆ ಮುಂದೆ ಹಾದು ಹೋಗುವುದು, ಗೇಟಿನ ಹತ್ತಿರ ಹಿಮದಲ್ಲಿ ಬೂಟು ಉಜ್ಜುವುದು, ತಿರುಗಿ ಬರುವುದು. ಒಳಗೆ ಹೋಗುವ ಧೈರ್ಯ ಬರಲಿಲ್ಲ. ಜನ ಎದುರಿಗೆ ಏನೂ ಅನ್ನಲಿಲ್ಲ. ಅವನ ಗೆರೆಗೆ ದೇವರೂ ತಕರಾರು ತೆಗೆಯುವುದಿಲ್ಲ ಎಂಬ ಆ ಹಳೆಯ ಮಾತನ್ನು ಮಾತ್ರ ಮತ್ತೆ ಯಾರೂ ಆಡಲಿಲ್ಲ.

"ಒಳಗೆ ಹೋಗಿ ಕಾಲು ಹಿಡ್ಕೋ," ಎಂದಳು ವೀಡಾ. "ಇಲ್ಲಾ ಮನೇಲಿರು. ರಸ್ತೆ ಸವೆಸಿ ಯಾರಿಗೇನು ಉಪಕಾರ?"

ಮಾರ್ಚಿನ ಒಂದು ಬೆಳಿಗ್ಗೆ ಸೂರಿನಿಂದ ನೀರು ತೊಟ್ಟಿಕ್ಕುತ್ತಿದ್ದಾಗ ಹೊರಗೆ ಟ್ರಕ್ಕಿನ ಹಾರನ್ನು ಕೇಳಿಸಿತು. ಪೆಲ್ಕಿ ಗಾಜು ಇಳಿಸಲೂ ಇಲ್ಲ, ಒಳಗಿನಿಂದಲೇ ತಲೆ ಆಡಿಸಿದ. ಎಲ್ಡನ್ ಒಂದು ಬೂಟಿನ ಲೇಸು ಕಟ್ಟದೆಯೇ ಓಡಿ ಹತ್ತಿದ. ಮಧ್ಯಾಹ್ನದವರೆಗೆ ಎಲ್ಡನ್ ದಿಣ್ಣೆಯಿಂದ ಪಾಕ ಕಾಯಿಸುವ ಕೊಟ್ಟಿಗೆಗೆ ಬಕೆಟ್ ಹೊತ್ತು ತಂದ, ಪೆಲ್ಕಿಯ ಮೊಣಕಾಲು ಮಾಡದ ಕೆಲಸವನ್ನೆಲ್ಲ ಮಾಡಿದ. ಹೊತ್ತಷ್ಟೂ ಅವನಿಗೆ ಹಗುರವಾಗುತ್ತಿತ್ತು.

ಇನ್ನೊಂದು ಬಕೆಟ್ ಸುರಿದು ಮತ್ತೆ ಬಾಗಿಲ ಕಡೆ ತಿರುಗಿದಾಗ ಪೆಲ್ಕಿ ಬಾಯಿ ಬಿಟ್ಟ.

"ಎಲ್ಲಿಗೆ?"

"ಮೇಲೆ ಇನ್ನೂ ನಾಲ್ಕು ಮರ..."

"ಸಾಕು. ಇಲ್ಲಿ ಕೂತ್ಕೋ." ಎರವಲು ತಂದ ಕೊಪ್ಪರಿಗೆಯ ಪಕ್ಕ ಒಂದು ಮುಕ್ಕಾಲಿ ಇತ್ತು. ಸಿಹಿನೀರು ಕುದಿಯುತ್ತಿತ್ತು, ಹೊಗೆಯೂ ಹಬೆಯೂ ಸೂರು ಮುಟ್ಟಿತ್ತು. "ನೊರೆ ಉಕ್ಕದಂಗೆ ನೋಡ್ತಾ ಇರಬೇಕು. ಕಣ್ಣು ತೆಗೆದ್ಯೋ, ಸೀದುಹೋಗತ್ತೆ. ಎದ್ದು ಓಡಾಡಂಗಿಲ್ಲ."

ಎಲ್ಡನ್ ಕೂತ. ಕಾಲು ತನ್ನಷ್ಟಕ್ಕೆ ನೆಲ ತಟ್ಟಲು ಶುರುಮಾಡಿತು. ಪೆಲ್ಕಿ ಆ ಕಾಲನ್ನು ನೋಡಿದ. ಎಲ್ಡನ್ ಮೊಣಕಾಲಿನ ಮೇಲೆ ಕೈ ಇಟ್ಟು ಅದನ್ನು ಒತ್ತಿ ಹಿಡಿದ.

"ಎಷ್ಟು ಹೊತ್ತು ಕೂರ್ಬೇಕು?" ಎಂದು ಕೇಳಿದ.

ಪೆಲ್ಕಿ ಒಲೆಗೆ ಎರಡು ಸೌದೆ ತುರುಕಿ ಬಾಗಿಲು ಮುಚ್ಚಿದ. "ಇಪ್ಪತ್ತಮೂರು ವರ್ಷ," ಎಂದು ಹೇಳಿ, ಇನ್ನೊಂದು ಮುಕ್ಕಾಲಿ ಎಳೆದುಕೊಂಡು ಕೊಪ್ಪರಿಗೆಯ ಆಚೆ ಬದಿಯಲ್ಲಿ ಕೂತ.